ತಂತಿಯಿಲ್ಲದ ಕೀ

ದೀಪ ಹಾಗೇ ಇರಲಿ. ನೆಟ್ಟಗೆ ಕೂತು ಕೇಳಿ, ನಡುವೆ ಬಾಯಿ ಹಾಕಬೇಡಿ. ಇದು ನನ್ನ ಸ್ವಂತ ಚಿಕ್ಕಮ್ಮನ ಮಗಳಿಗೆ ಆದದ್ದು.

ಅವತ್ತು ರಾತ್ರಿ ಅವಳೂ ಅವಳ ಅತ್ತಿಗೆಯೂ ರೆಕಾರ್ಡಿಂಗ್ ಬಿಟ್ಟು ಮನೆಗೆ ನಡೆದು ಬರುತ್ತಿದ್ದರು. ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ಹಗಲಿನಲ್ಲಿ ಗಾಡಿಗಳ ಸದ್ದು ಮೈಕಿಗೆ ನುಗ್ಗುತ್ತದೆಂದು ಅವರ ಕೆಲಸವೆಲ್ಲ ರಾತ್ರಿಯೇ. ನನ್ನ ತಂಗಿ ಹಾಡುವವಳು, ಅತ್ತಿಗೆ ಪಿಯಾನೋ ನುಡಿಸುವವಳು. ಹಾಡುಗಳು ನೂರೈವತ್ತು ವರ್ಷದ ಹಿಂದೆ ಒಬ್ಬ ಹೆಂಗಸು ರಚಿಸಿದವು. ಬದುಕಿದ್ದಾಗ ಆಕೆಯ ಹಾಡನ್ನು ಮನೆಯವರೇ ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ಪಿಯಾನೋ ಸಹ ಆಕೆಯ ಕಾಲದ್ದೇ. ಆ ಕಾಲದ ಶ್ರುತಿ ಈಗಿನದಕ್ಕಿಂತ ತುಸು ಕೆಳಗೆ. ಎರಡು ಹಾಡಿಗೆ ಈಗಿನ ಕಾಲದ ಕೊಳಲು ಜೊತೆಗಿದ್ದದ್ದರಿಂದ, ಶ್ರುತಿ ಮಾಡುವವನು ಪಿಯಾನೋದ ತಂತಿಗಳನ್ನೆಲ್ಲ ಕೂದಲೆಳೆಯಷ್ಟು ಏರಿಸಿ ಕೊಟ್ಟಿದ್ದ.

ಕೊನೆಯ ಹಾಡೊಂದು ಉಳಿದಿತ್ತು. ತಂಗಿಯ ಗಂಟಲು ಮೇಲಕ್ಕೆ ಏರಲೊಲ್ಲದು. ಬೆಳಗಾದರೆ ಆಸ್ಪತ್ರೆ, ಗಂಟಲಿನ ಆಪರೇಷನ್. ಮಾತು ಉಳಿದೀತು, ಹಾಡು ಉಳಿಯುವ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಪಾಳು ಬಾವಿಯ ಹತ್ತಿರ ಅವಳು ನಿಂತಳು.

"ಅತ್ತಿಗೆ... ಒಂದು ಕೀ ಕೆಳಗಿಂದ ನುಡಿಸಿ. ಹಾಡಿಬಿಡ್ತೀನಿ."

"ಇಳಿಸಿದ್ರೆ ಆ ಒಂಟಿ ಸ್ವರ ಸತ್ತ ಕೀ ಮೇಲೇ ಬರುತ್ತೆ ಕಣೇ. ಅದಕ್ಕೆ ತಂತೀನೇ ಇಲ್ಲ."

ಆ ಹಾಡಿನ ಕೊನೆಯಲ್ಲಿ ಪಿಯಾನೋ ಒಂದೇ ಒಂದು ಸ್ವರ ಕೊಟ್ಟು ಸುಮ್ಮನಾಗುತ್ತದೆ. ಅದನ್ನು ಹಿಡಿದು ಹಾಡುವವಳು ಕಡೆಯ ಸಾಲನ್ನು ಒಬ್ಬಳೇ ಮುಗಿಸಬೇಕು.

"ಅಲ್ಲಿ ಖಾಲಿ ಬಿಡಿ. ಸ್ವರ ನನ್ನ ಕಿವೀಲಿದೆ. ನಾನು ಯಾವತ್ತಾದ್ರೂ ಶ್ರುತಿ ತಪ್ಪಿದೀನಾ?"

ತಪ್ಪಿರಲಿಲ್ಲ. ಜೀವಮಾನದಲ್ಲಿ ಒಮ್ಮೆಯೂ ಇಲ್ಲ. ಅವಳ ಜಂಭವೆಲ್ಲ ಅದೊಂದರದೇ.

"ಬರೆದ ಆಯಮ್ಮ ಒಪ್ಪಬೇಕಲ್ಲ?"

"ಒಪ್ಪದಿದ್ರೆ ಬಂದು ತಾನೇ ನುಡಿಸ್ಲಿ."

ಬಾವಿಯೊಳಗೆ... ಗುಳುಂ.

ಇಬ್ಬರೂ ಬಾವಿಯ ಕಡೆ ತಿರುಗಿದರು.

"ಕಪ್ಪೆ," ಎಂದಳು ಅತ್ತಿಗೆ. "ನಿನ್ನ ನಾಲಿಗೆಗೂ ಒಂದು ಆಪರೇಷನ್ ಮಾಡಿಸಬೇಕು. ನಡಿ ವಾಪಸ್."

ರೆಕಾರ್ಡಿಂಗ್‌ನವನು ವೈರು ಸುತ್ತಿಡುತ್ತಿದ್ದ. ಗೊಣಗುತ್ತಲೇ ಮತ್ತೆ ಬಿಚ್ಚಿದ. ಗಾಜಿನಾಚೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಕೆಂಪು ದೀಪ ಹೊತ್ತಿತು.

ತಂಗಿ ಹಾಡಿದಳು. ಹಾಗೆ ಅವಳು ಹಿಂದೆಂದೂ ಹಾಡಿರಲಿಲ್ಲವಂತೆ. ಪೆಡಲಿನ ಮರ ಕಿರ್ ಎನ್ನುವುದು, ತನ್ನದೇ ಉಸಿರು, ಎಲ್ಲ ಕೇಳುತ್ತಿತ್ತು. ಆ ಜಾಗ ಬಂತು. ಅತ್ತಿಗೆ ಎರಡೂ ಕೈ ಎತ್ತಿ ಮಡಿಲಲ್ಲಿಟ್ಟುಕೊಂಡಳು. ನಿಶ್ಶಬ್ದ. ತಂಗಿ ಕಿವಿಯೊಳಗೆ ಸ್ವರ ಹುಡುಕಿದಳು... ಇಲ್ಲ. ಅಲ್ಲಿ ಏನೂ ಇರಲಿಲ್ಲ.

ಟಕ್.

ಒಣ ಮರದ ಸದ್ದು. ಅದರ ಹಿಂದೆಯೇ... ಠೂಂ... ಮೆತ್ತಗೆ, ದುಂಡಗೆ.

ಅವಳು ಯೋಚಿಸಲಿಲ್ಲ. ಆ ಸ್ವರ ಹಿಡಿದಳು, ಕಡೆಯ ಸಾಲು ಹಾಡಿ ಮುಗಿಸಿದಳು.

ಕೆಂಪು ದೀಪ ಆರಿತು. ಸ್ಪೀಕರಿನಲ್ಲಿ ರೆಕಾರ್ಡಿಂಗ್‌ನವನ ದನಿ: "ಆ ಒಂಟಿ ಸ್ವರ ಎಷ್ಟು ಹದವಾಗಿ ಬಂತು ಮೇಡಂ!"

ಅತ್ತಿಗೆಯ ಕೈ ಇನ್ನೂ ಮಡಿಲಲ್ಲೇ ಇತ್ತು. ಗದ್ದದಿಂದ ತೋರಿಸಿದಳು.

ಸತ್ತ ಕೀ ಕೆಳಗೆ ಒತ್ತಿಕೊಂಡಿತ್ತು. ಯಾರೋ ಬೆರಳಿಟ್ಟು, ತೆಗೆಯುವುದನ್ನು ಮರೆತ ಹಾಗೆ.

ತಂಗಿ ಬಗ್ಗಿ ಪಿಸುಗುಟ್ಟಿದಳು. "ಹಾಡು ಮುಗೀತಮ್ಮ."

ಕೀ ನಿಧಾನವಾಗಿ... ನಿಧಾನವಾಗಿ... ಮೇಲೆದ್ದಿತು. ಟಕ್.

ಆಪರೇಷನ್ ಆಯಿತು. ಡಾಕ್ಟರು ಹೇಳಿದಂತೆಯೇ ಹಾಡು ಹೋಯಿತು. ಈಗ ಅವಳದು ಬರೀ ಪಿಸುಮಾತು.

ಡಿಸ್ಕ್ ಬಂದಾಗ ಪತ್ರಿಕೆಯಲ್ಲಿ ಒಬ್ಬ ಮಹಾಶಯ ಬರೆದ: ಎಲ್ಲ ಸೊಗಸಾಗಿದೆ, ಕಡೆಯ ಸಾಲಿನಲ್ಲಿ ಮಾತ್ರ ಗಾಯಕಿಯ ಶ್ರುತಿ ಕೂದಲೆಳೆಯಷ್ಟು ಇಳಿದಿದೆ. ಅವಳು ಎರಡು ದಿನ ಊಟ ಬಿಟ್ಟಳು. ನೋಡಲಾರದೆ ನಾನೇ ಶ್ರುತಿ ಮಾಡುವವನನ್ನು ಮನೆಗೆ ಕರೆಸಿ ಡಿಸ್ಕ್ ಹಾಕಿಸಿದೆ.

ಅವನು ಕಣ್ಣು ಮುಚ್ಚಿ ಕೇಳಿದ. "ಇವರು ತಪ್ಪಿಲ್ಲಮ್ಮ. ಅದಕ್ಕೂ ಮೊದಲು ಬಂದ ಪಿಯಾನೋ ಸ್ವರವೇ ಇಳಿದಿದೆ. ಹಳೇ ಕಾಲದ ಶ್ರುತಿ ಅದು. ಎಲ್ಲಾ ತಂತೀನೂ ಏರಿಸಿದ್ದೆನಲ್ಲ... ಇದೊಂದನ್ನ ಹೇಗೆ ಬಿಟ್ಟೆ? ಯಾವ ಕೀ ಇದು?"

ಜೊತೆಗೆ ಕೂತು ಕೇಳುತ್ತಿದ್ದ ಅತ್ತಿಗೆ ಹೇಳಿದಳು.

ಅವನು ಕಣ್ಣು ತೆರೆದ. "ಅದರ ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಕಿತ್ತು ಬಿಸಾಕಿದವನೇ ನಾನು," ಎಂದ. ಕಾಫಿ ಮುಟ್ಟದೆ ಎದ್ದು ಹೋದ.

ಇದು ನನ್ನ ಎದುರಿಗೇ, ನಮ್ಮ ನಡುಮನೆಯಲ್ಲೇ ನಡೆದದ್ದು. ಡಿಸ್ಕ್ ಆ ಕಪಾಟಿನಲ್ಲಿದೆ, ಬೇಕಾದರೆ ಹಾಕುತ್ತೇನೆ. ನನ್ನ ತಂಗಿ ಶ್ರುತಿ ತಪ್ಪಲಿಲ್ಲ. ಕೊಟ್ಟ ಸ್ವರ ಹಿಡಿದಳು, ಅಷ್ಟೆ.