ಮುಟ್ಟದೆ ಅಳೆಯೋ ಕಣ್ಣು

...ಬೇಡ, ಬೇಡ ಕಣೇ, ಕೂಸು ತೊಟ್ಟಿಲಲ್ಲೇ ಇರಲಿ. ನಾನಿಲ್ಲೇ ಪಕ್ಕದಲ್ಲಿ ಕೂತು ನೋಡ್ತೀನಿ. ಅಂಚಿನ ಮೇಲೆ ಕೈ ಇಟ್ಟಿದೀನಲ್ಲ, ಅಷ್ಟು ಸಾಲದಾ? ಮತ್ತೆ ಶುರು ಮಾಡಬೇಡ. ಬಂದಾಗಿನಿಂದ ಒಂದೇ ರಾಗ... ಅಪ್ಪ ಮೊಮ್ಮಗಳನ್ನ ಒಂದ್ಸಲವೂ ಎತ್ತಿಕೊಳ್ಳಲಿಲ್ಲ, ಅಪ್ಪನಿಗೆ ಈ ಕೂಸು ಬೇಡ, ಅವರು ಬಂದ ತಕ್ಷಣ ಹೊರಡ್ತೀನಿ, ಇನ್ನು ಈ ಕಡೆ ತಲೆ ಹಾಕಲ್ಲ... ಹಾಗನ್ನಬೇಡ್ವೇ.

ಈ ಕೈ ನೋಡು. ಟೈರ್ ಸವರಿ ಸವರಿ ಎಷ್ಟು ಒರಟಾಗಿದೆ. ರಬ್ಬರ್ ವಾಸನೆ ಯಾವ ಸೋಪಿಗೂ ಹೋಗಲ್ಲ. ಬೆಣ್ಣೆಯಂಥ ಮೈಗೆ ಇದನ್ನ ತಾಗಿಸೋದಾ?

ಯಾಕೆ ನಗ್ತಿದೀಯ? ...ಓ, ಅಂಗಿ ಗುಂಡಿ. ಮೇಲಿಂದು ಕೆಳಗೆ, ಕೆಳಗಿಂದು ಮೇಲೆ. ಆತುರದಲ್ಲಿ ಹಾಕ್ಕೊಂಡೆ, ಬಿಡು. ನಿಮ್ಮಮ್ಮ ಬಂದು ಸರಿಮಾಡ್ತಾಳೆ. ದಿನಾ ಅವಳೇ... ಏನಿಲ್ಲ.

ಕಾರ್ಖಾನೆ ವಿಷಯ ಕೇಳ್ತಿದ್ಯಲ್ಲ. ಹೊಸ ಯಂತ್ರ ಬಂದಿದೆ, ನಾವದನ್ನ ಕೆಂಪುಗಣ್ಣ ಅಂತೀವಿ. ಟೈರ್ ತನ್ನ ಪಾಡಿಗೆ ಒಂದು ಸುತ್ತು ತಿರುಗುತ್ತೆ, ಲೇಸರ್‌ನ ಕೆಂಪು ಗೆರೆ ಅದರ ಪಕ್ಕೆ ಮೇಲೆ ಬೀಳುತ್ತೆ, ಅಷ್ಟೇ. ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ, ಎಲ್ಲ ಪರದೆ ಮೇಲೆ. ಒಂದು ಬೆರಳೂ ತಾಗಲ್ಲ. ಮೊದಮೊದಲು ಟೈರ್ ಮೇಲಿನ ಕಂಪನಿ ಹೆಸರನ್ನೇ ಉಬ್ಬು ಅಂದ್ಕೊಂಡು ಒಳ್ಳೊಳ್ಳೆ ಟೈರನ್ನೆಲ್ಲ ಆಚೆ ತಳ್ತಿತ್ತು! ನಕ್ಕು ನಕ್ಕು ಸುಸ್ತಾದ್ವಿ. ಆಮೇಲೆ ಇಂಜಿನಿಯರಮ್ಮ ಕೂತು ಅಕ್ಷರ ಯಾವುದು, ಉಬ್ಬು ಯಾವುದು ಅಂತ ಅದಕ್ಕೆ ಕಲಿಸಿದ್ರು.

ಮುಂಚೆ? ಮುಂಚೆ ನಾನೇ. ಕಣ್ಮುಚ್ಚಿ ಅಂಗೈ ಆಡಿಸಿದ್ರೆ ಸಾಕು, ಕಣ್ಣಿಗೆ ಕಾಣದ ಉಬ್ಬು ಕೈಗೆ ಸಿಕ್ತಿತ್ತು. ಅದು ತಪ್ಪಿಹೋಗಿ ರಸ್ತೇಲಿ ಒಡೆದ್ರೆ, ಗಾಡೀಲಿ ಕೂತೋರ ಗತಿ ಏನು ಹೇಳು?

ಯಂತ್ರ ತರಿಸಿ ಅಂತ ಮ್ಯಾನೇಜರಿಗೆ ದುಂಬಾಲು ಬಿದ್ದಿದ್ದು ನಾನೇ ಕಣೇ. ಹೌದು, ನಾನೇ. ಜೊತೆಯವರು ಮುಖ ಕೊಟ್ಟು ಮಾತಾಡಲಿಲ್ಲ. ನಮ್ಮೆಲ್ಲರ ಅನ್ನಕ್ಕೆ ಕಲ್ಲು ಹಾಕಿದ ಅಂದ್ರು. ಅನ್ನಲಿ. ಯಾಕೆ ಕೇಳಿದೆ ಅಂದ್ರೆ... ಕಾಲಕ್ಕೆ ತಕ್ಕ ಹಾಗೆ ಇರಬೇಕಲ್ಲ. ಕೈ ಅಂದ್ರೆ ಕೈ. ಒಂದಿನ ಹೇಳುತ್ತೆ, ಒಂದಿನ ಸುಮ್ಮನಿರುತ್ತೆ. ಸುಮ್ಮನಿದ್ದಾಗ ಟೈರೇ ಚೆನ್ನಾಗಿದೆಯೋ, ಇಲ್ಲಾ ಕೈಗೇ... ಬಿಡು ಆ ಮಾತು.

ಈಗ ನಾನೂ ಕೆಂಪುಗಣ್ಣನ ಥರಾನೇ. ಮುಟ್ಟದೆ ಅಳೀತೀನಿ. ಹಣೆ ನಿಮ್ಮಮ್ಮಂದು. ಮೂಗು ಅಳಿಯಂದ್ರದ್ದು, ಪಾಪ, ಏನು ಮಾಡೋಕಾಗುತ್ತೆ.

ತಡಿ, ಗಾಡಿ ಸದ್ದು... ಕೂತಲ್ಲಿಂದಲೇ ಕಿಟಕೀಲಿ ನೋಡ್ತೀನಿ ಇರು. ಅಳಿಯಂದ್ರಲ್ಲ, ಯಾರೋ ಬೇರೆ. ಹಿಂದಿನ ಚಕ್ರದಲ್ಲಿ ಗಾಳೀನೇ ಇಲ್ಲ, ಹಾಗೇ ಓಡಿಸ್ತಿದಾನೆ ಪುಣ್ಯಾತ್ಮ. ಬಂದ, ಬಂದ, ಎದುರುಗಡೆ ಮನೆ ಹತ್ರಾನೇ ನಿಲ್ಲಿಸಿದ.

ನಿಂಗೊಂದು ಗೊತ್ತಾ? ನೀನು ಇಷ್ಟೇ ಇದ್ದಾಗ ನನ್ನ ಬೆರಳು ಹಿಡ್ಕೊಂಡೇ ನಿದ್ದೆ ಮಾಡ್ತಿದ್ದೆ. ಏನು ಬಿಗಿ ಹಿಡಿತ ಅದು! ಬಿಡಿಸ್ಕೊಳ್ಳೋಕೆ ಮನಸ್ಸೇ ಬರ್ತಿರಲಿಲ್ಲ. ಹಾಗೇ ಕೂತು ಪಾಳಿಗೆ ತಡವಾಗಿ ಬೈಸ್ಕೊಂಡಿದೀನಿ. ಎತ್ತಿಕೊಂಡ್ರೆ ಕೈಯಲ್ಲಿ ನೀನಿದೀಯ ಅಂತ ಗೊತ್ತಾಗ್ತಿತ್ತು, ಜಾರಿದ್ರೆ ಗೊತ್ತಾಗ್ತಿತ್ತು...

ಮುನಿಸ್ಕೊಂಡ್ಯಾ? ಇತ್ತ ತಿರುಗು. ಏನು ನೋಡ್ತಿದೀಯ ಹಾಗೆ, ತೊಟ್ಟಿಲಲ್ಲಿ ಏನು...

...ಓ.

ಯಾವಾಗ ಹಿಡ್ಕೊಂಡ್ತು ಇದು ನನ್ನ ಬೆರಳನ್ನ? ನೀನೇ ಕೊಟ್ಯಾ? ಆಗಲೇನಾ... ನಾನು ಆ ಗಾಡಿ ನೋಡ್ತಿದ್ದಾಗಲೇನಾ?

ಅಳಬೇಡ್ವೇ. ಅಳಬೇಡ. ನಿಮ್ಮಮ್ಮನೇ, ಕೈ ಮರಗಟ್ಟಿರೋದನ್ನ ನಿಂಗೆ ಹೇಳೋದು ಬೇಡ ಅಂದ್ಲು.

ಒಂದು ಮಾತು ಹೇಳು ಮಗಳೇ... ಬಿಗಿಯಾಗಿ ಹಿಡಿದಿದೆಯಾ?