ಸುಣ್ಣದ ಕೆಳಗಿನ ಏಳು ಮಂದಿ

ಸಭೆ ಐದು ಗಂಟೆಗೇ ಮುಗಿದಿತ್ತು, ಆದರೆ ಮಳೆ ಮುಗಿದಿರಲಿಲ್ಲ. ಹೊರಗೆ ಕಾಲಿಟ್ಟರೆ ಮೊಣಕಾಲುದ್ದ ನೀರು, ಒಳಗೆ ಕರೆಂಟಿಲ್ಲ. ಹಾಗಾಗಿ ಚರ್ಚಿನ ಸಮಿತಿಯ ನಾಲ್ಕು ಜನ ಕೊನೆಯ ಬೆಂಚುಗಳನ್ನು ಎದುರುಬದುರು ಎಳೆದುಕೊಂಡು, ನಡುವೆ ಬಲಿಪೀಠದಿಂದ ತಂದ ಮೇಣದಬತ್ತಿಯೊಂದನ್ನು ಇಟ್ಟುಕೊಂಡು, ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದರು. ಆಗಿದ್ದ ತೀರ್ಮಾನ ಇಷ್ಟೇ: ಬಾಗಿಲ ಮೇಲಿನ ಗೋಡೆಯ ಸುಣ್ಣ ಕೆರೆಸುವುದು, ಅದರ ಕೆಳಗೆ ಅರವತ್ತು ವರ್ಷದಿಂದ ಮುಚ್ಚಿಹೋಗಿರುವ ನರಕದ ಚಿತ್ರವನ್ನು ಮತ್ತೆ ಹೊರಗೆ ತರುವುದು.

ಈ ಯೋಚನೆ ಟೀಚರಮ್ಮನದು. ಅವರ ಭಾನುವಾರದ ಧರ್ಮಪಾಠಕ್ಕೆ ಒಂದು ಕಾಲದಲ್ಲಿ ನಲವತ್ತು ಮಕ್ಕಳು ಬರುತ್ತಿದ್ದರು, ಈಗ ಬರುವುದು ಐದಾರು. ದೇವರೆಂದರೆ ಪ್ರೀತಿ, ದೇವರೆಂದರೆ ಕರುಣೆ ಎಂದು ಹೇಳಿ ಹೇಳಿ ಅವರ ಗಂಟಲು ಸೋತಿತ್ತು. ಹೋದ ವಾರ ಒಬ್ಬ ಹುಡುಗಿ, "ಹಾಗಾದ್ರೆ ನಾವು ಬರದಿದ್ರೂ ಏನೂ ಮಾಡಲ್ಲ ಅಲ್ವಾ ಟೀಚರ್?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಆಡಲು ಓಡಿದ್ದಳು. ಅವತ್ತಿನಿಂದ ಟೀಚರಮ್ಮನಿಗೆ ಮನಸ್ಸು ಸರಿಯಿರಲಿಲ್ಲ. ಚಿಕ್ಕಂದಿನಲ್ಲಿ ತಾವು ಮೊಣಕಾಲೂರಿದ್ದು ನರಕಕ್ಕೆ ಹೆದರಿಯೇ. ಆ ಹೆದರಿಕೆಯನ್ನು ತೆಗೆದರೆ ತಮ್ಮೊಳಗೆ ಏನು ಉಳಿಯುತ್ತದೆ ಎಂಬುದು ಅವರಿಗೂ ಗೊತ್ತಿರಲಿಲ್ಲ.

"ದಂಡಂ ದಶಗುಣಂ ಅಂತ ದೊಡ್ಡೋರು ಸುಮ್ನೆ ಹೇಳಿದ್ರಾ?" ಎಂದ ಸಮಿತಿಯಲ್ಲಿದ್ದ ದರ್ಜಿ. "ಆ ಚಿತ್ರ ಒಂದು ಹೊರಗೆ ಬರಲಿ, ಭಾನುವಾರ ಇಲ್ಲಿ ನಿಲ್ಲೋಕೆ ಜಾಗ ಇರಲ್ಲ."

ಎಲ್ಲರೂ ನಕ್ಕರು. ನಗದೆ ಕೂತಿದ್ದವನು ಸುಣ್ಣದಜ್ಜ ಒಬ್ಬನೇ. ವಯಸ್ಸು ಎಂಬತ್ತೆರಡು. ಅವನು ಸಮಿತಿಯವನಲ್ಲ. ಆ ಗೋಡೆಗೆ ಅಂದು ಸುಣ್ಣ ಬಳಿದವನು ಅವನೇ ಆದ್ದರಿಂದ, ಕೆರೆಯುವ ಮುಂಚೆ ಒಂದು ಮಾತು ಕೇಳೋಣವೆಂದು ಕರೆಸಿದ್ದರು.

"ಎಷ್ಟು ಕೋಟು ಬಳಿದಿದ್ರಿ ಅಜ್ಜ?" ಎಂದು ಟೀಚರಮ್ಮ ಕೇಳಿದರು.

"ನಾಲ್ಕು. ಮೂರು, ಫಾದರ್ ಹೇಳಿದ್ರು ಅಂತ. ನಾಲ್ಕನೇದು..." ಅಜ್ಜ ಮಾತು ನಿಲ್ಲಿಸಿ ಬಾಗಿಲ ಕಡೆ ನೋಡಿದ. "ಮಳೆ ಈಗಲೇ ಬಿಡೋ ಹಾಗೆ ಕಾಣಲ್ಲ. ಹೇಳ್ತೀನಿ ಕೇಳಿ. ಕೇಳಿದ ಮೇಲೆ ಕೆರೆಸೋದು ಬಿಡೋದು ನಿಮಗೆ ಬಿಟ್ಟದ್ದು. ಮಧ್ಯ ಬಾಯಿ ಹಾಕಬೇಡಿ... ಮುಖ್ಯವಾಗಿ ನೀನು, ದರ್ಜಿ.

"ಆ ಚಿತ್ರ ನಿಮ್ಮಲ್ಲಿ ಯಾರೂ ನೋಡಿಲ್ಲ. ನಾನು ಅದರ ಕೆಳಗೇ ಬೆಳೆದೋನು. ಈ ಮೂಲೆಯಿಂದ ಆ ಮೂಲೆವರೆಗೆ ಬೆಂಕಿ, ಕೆಮ್ಮಣ್ಣಲ್ಲಿ ಬರೆದದ್ದು. ಅದರೊಳಗೆ ಸೊಂಟದವರೆಗೆ ಮುಳುಗಿರೋ ಏಳು ಜನ, ದೀಪದ ಮಸೀಲಿ ಬರೆದದ್ದು, ಬಾಯಿ ಇಷ್ಟಗಲ ತೆರೆದು ಕಿರುಚ್ತಾ ಇರೋರು. ಪೂಜೆ ಮುಗಿಸಿ ಆಚೆ ಹೋಗಬೇಕಾದ್ರೆ ಅವರ ಕೆಳಗೇ ಹಾದು ಹೋಗಬೇಕು... ಬಾಗಿಲ ಮೇಲೇ ಯಾಕೆ ಬರೆಸಿದ್ರು ಅಂತೀರಿ? ಮನೆಗೆ ಹೋಗ್ತಾ ನೆನಪಿರಲಿ ಅಂತ. ಆ ಏಳು ಜನರಲ್ಲಿ, ಎಡಗಡೆಯಿಂದ ಮೂರನೆಯವನು, ಬಲಗೈ ಮೇಲೆತ್ತಿದ್ದ. ಅವನು ನಮ್ಮಪ್ಪ.

"ನಗಬೇಡಿ. ಚಿತ್ರ ಅಪ್ಪ ಹುಟ್ಟೋಕೂ ಮುಂಚಿನದು, ಅದು ನನಗೂ ಗೊತ್ತು. ಅಪ್ಪ ಮಿಲ್ಲಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕ್ತಿದ್ದ. ದಿನಾ ಸಂಜೆ ಆರಕ್ಕೆ ಮನೆಗೆ ಬರೋನು, ಬಾಗಿಲ ಪಕ್ಕದ ಬೆತ್ತದ ಕುರ್ಚೀಲಿ ಕೂರೋನು, ಸೊಂಟದ ಬೆಲ್ಟು ಬಿಚ್ಚೋನು. ಬಿಚ್ಚಿದ ಬೆಲ್ಟು ಗೋಡೆ ಮೊಳೆಗೆ ಬಿತ್ತು ಅಂದ್ರೆ ಟಿಣ್ ಅಂತ ಒಂದು ಸದ್ದು ಬರೋದು... ಆ ಸದ್ದು ಬಂದ್ರೆ ಬದುಕಿದೆವು ಅಂತ ಅರ್ಥ. ಬರಲಿಲ್ಲ ಅಂದ್ರೆ ಅಮ್ಮ ನನ್ನನ್ನ ಹಿಂಬಾಗಿಲಿಂದ ಆಚೆ ದಬ್ಬಿ, ಚಿಲಕ ಹಾಕ್ಕೊಂಡು, ತಾನೊಬ್ಬಳೇ ಒಳಗೆ ಉಳಿಯೋಳು. ಅವಳು ದಬ್ಬೋಕೆ ಮುಂಚೆ ನಾನೇ ಸಿಕ್ಕಿಬಿದ್ದ ದಿನಗಳೂ ಇದ್ದವು. ಈ ಎರಡು ಬೆರಳು ಮಡಚೋಕಾಗಲ್ಲ, ನೋಡಿ. ನನಗೆ ಒಂಬತ್ತು ವರ್ಷ ಇದ್ದಾಗ ಅವನು ಕುಡಿದು ಕಾಲುವೆಗೆ ಬಿದ್ದು ಸತ್ತ. ಪಾಪನಿವೇದನೆ ಇಲ್ಲ, ಪಶ್ಚಾತ್ತಾಪ ಇಲ್ಲ. ಮಣ್ಣು ಮಾಡೋ ದಿನ ಹಳೇ ಫಾದರ್ ಇಲ್ಲೇ ನಿಂತು ಹೇಳಿದ್ರು, 'ಅವನು ಎಲ್ಲಿಗೆ ಹೋದ ಅಂತ ನನ್ನನ್ನ ಕೇಳಬೇಡಿ, ತಿರುಗಿ ನೋಡಿ.' ಜನ ಎಲ್ಲ ತಿರುಗಿ ಗೋಡೆ ನೋಡಿದ್ರು. ಎತ್ತಿದ ಕೈ ಅಲ್ಲಿತ್ತು... ಎಷ್ಟು ಸಲ ನೋಡಿಲ್ಲ ನಾವು ಆ ಕೈಯನ್ನ? ಅವತ್ತಿಂದ ನಮಗೆ ಅವನು ಅಪ್ಪನೇ ಆದ.

"ಆಮೇಲೆ ಹದಿಮೂರು ವರ್ಷ ಅಮ್ಮ ಒಂದು ಭಾನುವಾರ ತಪ್ಪಿಸಲಿಲ್ಲ. ಜ್ವರ ಇದ್ರೂ ಬರೋಳು. ಪೂಜೆ ಮುಗಿದು ಎಲ್ಲ ಹೋದ ಮೇಲೂ ಕತ್ತೆತ್ತಿ ಅವನನ್ನೇ ನೋಡ್ತಾ ನಿಲ್ಲೋಳು. ಜನ ಏನಂತಿದ್ರು? 'ಬಡಿದು ಬಡಿದು ಹಣ್ಣು ಮಾಡಿದ ಗಂಡ, ಅವನ ಆತ್ಮಕ್ಕೆ ಎಷ್ಟು ಬೇಡ್ಕೋತಾಳೆ, ದೊಡ್ಡ ಮನಸ್ಸು!' ನಾನೂ ಹಾಗೇ ಅಂದ್ಕೊಂಡಿದ್ದೆ.

"ಆಗ ಹೊಸ ಫಾದರ್ ಬಂದ್ರು. ಚಿಕ್ಕ ವಯಸ್ಸು, ಮೆತ್ತಗಿನ ಮಾತು. ಬಂದ ತಿಂಗಳಲ್ಲೇ ಗೋಡೆ ನೋಡಿ ನನ್ನನ್ನ ಕರೆದ್ರು. 'ಹೆದರಿ ಬರೋರು ದೇವರ ಹತ್ರ ಬರ್ತಿಲ್ಲಪ್ಪ, ಬೆಂಕಿಯಿಂದ ಓಡ್ತಿದ್ದಾರೆ ಅಷ್ಟೇ. ಬಳಿದುಬಿಡು' ಅಂದ್ರು. ನನಗೆ ಇಪ್ಪತ್ತೆರಡು. ಅಮ್ಮನ ಎದೆ ಮೇಲಿನ ಕಲ್ಲು ಇಳೀತು ಅಂತ ಹಿಗ್ಗಿ ಏಣಿ ಹಾಕಿದೆ.

"ಈಗ ಕೇಳಿ, ಇದು ಕಸುಬಿನ ಮಾತು. ಕೆಮ್ಮಣ್ಣು ಸುಣ್ಣಕ್ಕೆ ಮುಚ್ಚಿಹೋಗುತ್ತೆ. ಮಸಿ ಮುಚ್ಚಿಹೋಗಲ್ಲ. ಮಸಿಯನ್ನ ಕೆರೆದೇ ತೆಗೀಬೇಕು, ಇಲ್ಲದಿದ್ರೆ ನಾಲ್ಕೈದು ಕೋಟು ಬಳಿದ್ರೂ ಒಣಗಿದ ಮೇಲೆ ಮೇಲೆದ್ದು ಬರುತ್ತೆ. ಇದು ನನಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಕೆರೆಯೋ ತಗಡು ಹಿಡ್ಕೊಂಡೇ ಹತ್ತಿದೆ. ಮೇಲೆ ಹೋಗಿ ತಲೆ ಎತ್ತಿದ್ರೆ... ಮುಖಕ್ಕೆ ಸರಿಯಾಗಿ ಆ ಕೈ. ಮೀಸೆ ಬಂದ ಗಂಡಸು ನಾನು, ಎರಡೂ ತೋಳು ಅಡ್ಡ ಹಿಡಿದು ತಲೆ ತಗ್ಗಿಸಿಬಿಟ್ಟೆ. ಏಣಿ ಅಲ್ಲಾಡಿತು, ತಗಡು ಕೆಳಗೆ ಬಿತ್ತು. ಇನ್ನೊಂದು ಸಲ ಅದನ್ನ ತಗೊಂಡು ಹತ್ತೋಕೆ ನನ್ನ ಕೈಲಾಗಲಿಲ್ಲ. ಕೆರೆಯದೇ ಮೂರು ಕೋಟು ಬಳಿದು ಇಳಿದೆ.

"ಭಾನುವಾರದ ಹೊತ್ತಿಗೆ ಗೋಡೆ ಒಣಗಿತ್ತು. ಬೆಂಕಿ ಒಂದು ಚೂರೂ ಇಲ್ಲ. ಆದ್ರೆ ಏಳೂ ಜನ ಎದ್ದು ಬಂದಿದ್ರು, ಬಿಳೀ ಗೋಡೆ ಮೇಲೆ ಬೂದಿ ಬಣ್ಣದಲ್ಲಿ. ಬೆಂಕಿ ಇಲ್ಲದ ಜಾಗದಲ್ಲಿ, ಬಾಯಿ ತೆರೆದು, ಮುಖ ಮೇಲೆ ಮಾಡಿ ನಿಂತೋರು ಏನು ಮಾಡ್ತಿದ್ದಾರೆ ಅನ್ನಿಸುತ್ತೆ, ಹೇಳಿ? ಹಾಡ್ತಿದ್ದಾರೆ! ಕೆಳಗೆ ಜನ ಹಾಡ್ತಿದ್ದಾರೆ, ಮೇಲೆ ಅವರು ಹಾಡ್ತಿದ್ದಾರೆ. ಕೆಲವರು ಅತ್ತೇಬಿಟ್ರು. ಅಮ್ಮ ಒಂದು ಸಲ ತಿರುಗಿ ನೋಡಿದಳು, ಹಾಡಿನ ಮಧ್ಯದಲ್ಲೇ ಎದ್ದು ಆಚೆ ಹೋದಳು.

"ನಾನು ಹಿಂದೇನೇ ಓಡಿದೆ. 'ಅಮ್ಮ, ಬಿಡುಗಡೆ ಆಯ್ತು ಅಂದ್ಕೋ. ಹದಿಮೂರು ವರ್ಷ ಬೇಡ್ಕೊಂಡೆಯಲ್ಲ' ಅಂದೆ. ಅವಳು ನನ್ನ ಮುಖ ನೋಡಿದಳು... ಹೆತ್ತ ಮಗನ್ನ ನೋಡೋ ಹಾಗಿರಲಿಲ್ಲ ಅದು. 'ಬೇಡ್ಕೊಂಡೆನಾ? ಅವನು ಇನ್ನೂ ಅಲ್ಲೇ ಇದ್ದಾನಾ ಅಂತ ನೋಡೋಕೆ ಹೋಗ್ತಿದ್ದೆ ಕಣೋ ನಾನು. ಅಷ್ಟೇ ನನಗಿದ್ದ ನೆಮ್ಮದಿ. ಅದಕ್ಕೂ ಸುಣ್ಣ ಬಳಿದೆ ನೀನು' ಅಂದಳು."

ಮೇಣದಬತ್ತಿಯ ಬತ್ತಿ ಚಿಟಿಚಿಟಿ ಎಂದಿತು. ದರ್ಜಿ ಕೆಮ್ಮು ಬಂದರೂ ತಡೆದುಕೊಂಡು ಕೂತಿದ್ದ. ಟೀಚರಮ್ಮ ತಮಗೇ ಅರಿವಿಲ್ಲದೆ ಕತ್ತೆತ್ತಿ, ಕತ್ತಲು ಕವಿದಿದ್ದ ಗೋಡೆಯನ್ನು ನೋಡಿದರು. ಏನೂ ಕಾಣಲಿಲ್ಲ.

"ಸೋಮವಾರ ಬಂದು ನಾಲ್ಕನೇ ಕೋಟು ಬಳಿದೆ. ಯಾರೂ ಹೇಳಿರಲಿಲ್ಲ. ಬುಧವಾರ ನೋಡಿದ್ರೆ ಮಸುಕು ಮಸುಕಾಗಿ ಮತ್ತೆ ಎದ್ದಿದ್ರು... ಎಣಿಸಿದೆ. ಆರು. ಎಡಗಡೆಯಿಂದ ಮೂರನೇ ಜಾಗ ಬೆಳ್ಳಗಿತ್ತು. ಅವನೆಲ್ಲಿ? ಅಳಿಸಿಹೋದ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡು ಮನೆಗೆ ಹೋದೆ.

"ಅವತ್ತು ಸಂಜೆ ಆರಕ್ಕೆ ಬೆತ್ತದ ಕುರ್ಚಿ ಕಿರ್ ಅಂತು. ಭಾರವಾದೋರು ಕೂತ ಹಾಗೆ, ಬೆತ್ತ ಕೆಳಕ್ಕೆ ಜಗ್ಗಿದ್ದನ್ನ ಕಣ್ಣಾರೆ ನೋಡಿದೆ. ಕಲ್ಲಿದ್ದಲ ವಾಸನೆ. ಆಮೇಲೆ ಬೆಲ್ಟು ಸೊಂಟದಿಂದ ಸರ್ರ್ ಅಂತ ಜಾರೋ ಸದ್ದು. ಆಮೇಲೆ... ಏನೂ ಇಲ್ಲ. ಟಿಣ್ ಅನ್ನಲಿಲ್ಲ. ಕಾಯ್ತಾ ಇದ್ದೀವಿ, ಅಮ್ಮ ಒಲೆ ಪಕ್ಕ, ನಾನು ನಡುಮನೇಲಿ, ಉಸಿರು ಬಿಗಿಹಿಡ್ಕೊಂಡು. ಅಮ್ಮನ ಒಂದು ಕೈ ಆಗಲೇ ಹಿಂಬಾಗಿಲ ಚಿಲಕದ ಮೇಲಿತ್ತು. ಇಪ್ಪತ್ತೆರಡು ವರ್ಷದ ಮಗನ್ನ ಆಚೆ ದಬ್ಬೋಕೆ! ಒಂದು ಗಂಟೆ ಹಾಗೇ ನಿಂತಿದ್ದೆವು. ಏಳಕ್ಕೆ ಬೆತ್ತ ಸಡಿಲ ಆಯ್ತು. ಮಾರನೇ ದಿನವೂ ಅದೇ, ಅದರ ಮಾರನೇ ದಿನವೂ ಅದೇ. ಒಂದು ದಿನ ಕುರ್ಚಿ ತಗೊಂಡು ಹೋಗಿ ಒಲೆಗೆ ಹಾಕಿದೆ. ಅವನು ಹೊಸ್ತಿಲ ಮೇಲೆ ಕೂತ. ಹಲಗೆ ಕಿರ್ ಅಂತು.

"ಹನ್ನೊಂದನೇ ದಿನ ಫಾದರ್ ಮನೆಗೆ ಬಂದ್ರು, ಅಮ್ಮ ಯಾಕೆ ಚರ್ಚಿಗೆ ಬರ್ತಿಲ್ಲ ಅಂತ ಕೇಳೋಕೆ. ಅಮ್ಮ ಅವರಿಗೆ ಕೂರಿ ಅಂತಲೂ ಅನ್ನಲಿಲ್ಲ. 'ಒಂದು ದಿನ ಅವನ ತಟ್ಟೆಗೆ ಇಲಿಪಾಷಾಣ ಕಲಸಿದ್ದೆ ಸ್ವಾಮಿ. ನಿಮ್ಮ ಗೋಡೆ ನೆನಪಾಯ್ತು, ನನಗೂ ಅದೇ ಬೆಂಕಿ ಅಂತ ಹೆದರಿ ಚೆಲ್ಲಿದೆ. ಆ ಗೋಡೆ ಇಲ್ಲದಿದ್ರೆ ನಾನು ಕೊಲೆಗಾತಿ. ಈಗ ನೀವು ಬಂದು ಅದು ಬರೀ ಬಣ್ಣ ಅಂತೀರಿ. ಹಾಗಾದ್ರೆ ಅವನನ್ನ ಯಾಕೆ ಬಿಟ್ಟೆ ನಾನು? ಅವನಿಗೂ ಶಿಕ್ಷೆ ಇಲ್ಲ, ನನಗೂ ಭಯ ಇಲ್ಲ ಅಂದ ಮೇಲೆ ನಿಮ್ಮ ದೇವರು ಏತಕ್ಕೆ?' ಫಾದರ್ ಒಂದೇ ಮಾತು ಕೇಳಿದ್ರು. 'ಅಮ್ಮ, ಚೆಲ್ಲಿದ್ದು ಬೆಂಕಿಗೆ ಹೆದರಿ ಅಂತ ನಿಮಗೆ ಖಾತ್ರಿನಾ?' ಅಷ್ಟು ಕೇಳಿ ಹೊರಟುಹೋದ್ರು.

"ಅಮ್ಮ ಮಧ್ಯಾಹ್ನ ಎಲ್ಲ ಒಂದೇ ಕಡೆ ಕೂತಿದ್ದಳು. ಆರಕ್ಕೆ ಸ್ವಲ್ಪ ಮುಂಚೆ ನನ್ನನ್ನ ಕರೆದಳು. 'ಅಲ್ಲ ಕಣೋ,' ಅಂದಳು. 'ಅವತ್ತು ನೀನು ಬಂದು ಅವನ ತಟ್ಟೆಗೆ ಕೈ ಹಾಕಿದೆ. ನಾಲ್ಕು ವರ್ಷದೋನು, ಹಸಿದಿದ್ದೆ. ಅದಕ್ಕೇ ಚೆಲ್ಲಿದ್ದು. ಬೆಂಕಿ, ಗೋಡೆ ಎಲ್ಲ ನೆನಪಾದದ್ದು ಆಮೇಲೆ.' ಹಾಗಂತ ಅಳ್ತಾಳೆ, ನಗ್ತಾಳೆ! ಅಷ್ಟರಲ್ಲಿ ಹೊಸ್ತಿಲು ಕಿರ್ ಅಂತು. ಬೆಲ್ಟು ಜಾರಿತು. ಅಮ್ಮ ಚಿಲಕದ ಕಡೆ ಹೋಗಲಿಲ್ಲ. ಸೀದಾ ಹೊಸ್ತಿಲ ಹತ್ರ ಹೋದಳು. 'ನಿನಗೆ ಹೆದರಿ ಹೇಳ್ತಿಲ್ಲ,' ಅಂದಳು. 'ಯಾರಿಗೂ ಹೆದರಿ ಹೇಳ್ತಿಲ್ಲ. ಎಲ್ಲ ಹೊಟ್ಟೆಗೆ ಹಾಕ್ಕೊಂಡಿದ್ದೀನಿ. ಹೋಗು.' ಹೇಳಿ ಮುಗಿಸಿದಳೋ ಇಲ್ಲವೋ, ಬರೀ ಮೊಳೆ ಇದ್ದ ಗೋಡೆಯಿಂದ... ಟಿಣ್.

"ಮುಂದಿನ ಭಾನುವಾರ ಅವಳೇ ಸೀರೆ ಉಟ್ಟು ಹೊರಟಳು. 'ಅಲ್ಲೀಗ ಏನಿದೆ ಅಂತ ಹೋಗ್ತೀಯಮ್ಮ?' ಅಂದೆ. 'ಏನೂ ಇಲ್ಲ, ಅದಕ್ಕೇ ಹೋಗ್ತಿದ್ದೀನಿ' ಅಂದಳು. ಸಾಯೋವರೆಗೂ ಹೋದಳು. ಗೋಡೆ ಮೇಲೆ ಉಳಿದಿದ್ದ ಆರು ಜನರೂ ವರ್ಷವರ್ಷದ ಸುಣ್ಣಕ್ಕೆ ಮುಚ್ಚಿಹೋದ್ರು, ಅರ್ಧಕ್ಕರ್ಧ ಜನ ಬರೋದು ಬಿಟ್ರು, ಅವಳು ಬಿಡಲಿಲ್ಲ. ಅಷ್ಟು ಹಗುರಾಗಿದ್ದ ಹೆಂಗಸನ್ನ ನಾನು ಇನ್ನೊಬ್ಬಳನ್ನ ಕಂಡಿಲ್ಲ."

ದರ್ಜಿ ದೊಡ್ಡದಾಗಿ ಉಸಿರು ಬಿಟ್ಟ. "ಅಬ್ಬ, ಅಂತೂ ಹೋದನಲ್ಲ!"

"ಹೋದ ಅಂತ ಯಾರು ಹೇಳಿದ್ರು ನಿನಗೆ?" ಎಂದ ಅಜ್ಜ. "ಅವಳ ಪಾಲಿಗೆ ಹೋದ. ಆ ಟಿಣ್ ಆದ ಮಾರನೇ ಸಂಜೆ ಆರಕ್ಕೆ ಅಮ್ಮ ಪಾತ್ರೆ ತೊಳೀತಾ ಏನೋ ಗುನುಗ್ತಾ ಇದ್ದಾಳೆ, ಅವಳಿಗೆ ಏನೂ ಕೇಳಿಸ್ತಿಲ್ಲ... ನಾನು ಕೂತಿದ್ದ ಮಂಚದ ಇನ್ನೊಂದು ತುದಿ ಕಿರ್ ಅಂತು."

ಹೊರಗೆ ಮಳೆಯ ಸದ್ದು ಇಳಿಯುತ್ತಿತ್ತು. ತಾವು ಕೇಳುತ್ತಿರುವುದು ಅಜ್ಜನನ್ನೋ, ತಮ್ಮನ್ನೋ ಎಂದು ಟೀಚರಮ್ಮನಿಗೆ ತಿಳಿಯಲಿಲ್ಲ. "ಒಂದು ಮಾತು ಅಜ್ಜ... ನೀವೂ ಅಮ್ಮನ ಹಾಗೆ ಹೇಳಿಬಿಡಬಹುದಿತ್ತಲ್ಲ?"

"ಹೇಳಬಹುದಿತ್ತಮ್ಮ. ನರಕಕ್ಕೆ ಹೆದರೋನಾಗಿದ್ರೆ ಅವತ್ತೇ ಹೇಳಿ ಮುಗಿಸ್ತಿದ್ದೆ, ತುಟಿ ತುದೀಲಿ. ನೀವು ನಾಳೆ ಸುಣ್ಣ ಕೆರೆಸಿ ನಿಮ್ಮ ಮಕ್ಕಳ ಬಾಯಲ್ಲಿ ಹೇಳಿಸ್ತೀರಲ್ಲ, ಹಾಗೆ. ಆ ಭಯವನ್ನ ನನ್ನ ಕೈಯಾರೆ ಬಳಿದು ಮುಚ್ಚಿದ್ದೀನಿ. ಇನ್ನು ಹೇಳೋದಾದ್ರೆ ಮನಸ್ಸಿಂದ ಹೇಳಬೇಕು... ಅರವತ್ತು ವರ್ಷದಿಂದ ದಿನಾ ಸಂಜೆ ಬಾಯಿ ತೆರೀತೀನಿ. ಬರಲ್ಲ. ಅಮ್ಮ ಹೋದಳು, ಆ ಮನೆ ಹೋಯ್ತು, ಮಿಲ್ಲು ಮುಚ್ಚಿತು. ಅವನು ನಾನಿದ್ದಲ್ಲಿಗೆ ಬರ್ತಾನೆ, ಕೂರ್ತಾನೆ, ಕಾಯ್ತಾನೆ. ನರಕ ಇದೆಯೋ ಇಲ್ಲವೋ ಅಂತ ನೀವು ಸಭೆ ಮಾಡ್ತೀರಿ. ನನ್ನನ್ನ ಕೇಳಿದ್ರೆ ಇದೆ... ಅದನ್ನ ಇಟ್ಕೊಂಡಿರೋನು ದೇವರಲ್ಲ."

ಅಜ್ಜ ಕೂತಿದ್ದ ಉದ್ದನೆಯ ಬೆಂಚಿನಲ್ಲಿ ಅವನೊಬ್ಬನೇ ಇದ್ದ, ಒಂದು ತುದಿಗೆ. ದರ್ಜಿ ಗಡಿಯಾರ ನೋಡಿಕೊಂಡ, ಆರಾಗುತ್ತ ಬಂದಿತ್ತು; ಅವನು ಎದ್ದು ನಿಂತ, ಅವನ ಹಿಂದೆ ಉಳಿದಿಬ್ಬರೂ ಎದ್ದರು. ಮೇಣದಬತ್ತಿ ಎತ್ತಿಕೊಳ್ಳಲು ಬಗ್ಗಿದ ಟೀಚರಮ್ಮನ ಕೈಯನ್ನು ಅಜ್ಜ ಮೆಲ್ಲಗೆ ತಡೆದ.

"ಅದು ಇರಲಿ ಬಿಡಿ. ಮಳೆ ನಿಂತಿದೆ, ನೀವೆಲ್ಲ ಹೊರಡಿ. ನಾವಿಬ್ಬರೂ ಇನ್ನೊಂದು ಗಳಿಗೆ ಕೂತಿರ್ತೀವಿ."