ಇನ್ನೂರ ಹನ್ನೆರಡು ಪಾಠಗಳಿದ್ದ ಡಿಸ್ಕನ್ನು ಹೊರಗೆ ಒಯ್ದ ಬಗ್ಗೆ

ಶಾಲೆಯಲ್ಲೂ ಓಣಿಯಲ್ಲೂ ಎಲ್ಲರೂ ಪಾಠದಮ್ಮ ಎಂದೇ ಕರೆಯುವ ನಾನು, ವಯಸ್ಸು 50 ವರ್ಷ, ವಿದ್ಯೆ ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ, ಕೆಲಸ ಕಣ್ಣು ಕಾಣದ ಮಕ್ಕಳ ಶಾಲೆಯಲ್ಲಿ ಪಾಠಗಳನ್ನು ಗಟ್ಟಿಯಾಗಿ ಓದಿ ಕಂಪ್ಯೂಟರಿಗೆ ತುಂಬುವುದು, ವಾಸ ಶಾಲೆಯ ಹಿಂದಿನ ಓಣಿ, ಹಿಟ್ಟಿನ ಗಿರಣಿಯ ಮೇಲಿನ ಮನೆ. ಶಾಲೆಯ ಡಿಸ್ಕ್ ಕದ್ದೆನೆಂದು ಮ್ಯಾನೇಜರ್ ಸಾಹೇಬರು ನಿನ್ನೆ ಕೊಟ್ಟ ದೂರಿಗೆ ಉತ್ತರವಾಗಿ, ಠಾಣೆಗೆ ನಾನಾಗಿಯೇ ಬಂದು, ನಡೆದದ್ದನ್ನು ನಡೆದ ಹಾಗೆ ಬರೆಸುವುದು ಏನೆಂದರೆ:

ಹದಿನಾಲ್ಕು ತಿಂಗಳಿಂದ ನಾನು ಓದಿದ 212 ಪಾಠಗಳು ಅಂಗೈಯಗಲದ ಒಂದು ಕಪ್ಪು ಡಿಸ್ಕಿನಲ್ಲಿವೆ. ಅದನ್ನು ವೈರಿನಿಂದ ಕಂಪ್ಯೂಟರಿಗೆ ಸಿಕ್ಕಿಸಬೇಕು. ಇನ್ನೊಂದು ಪ್ರತಿ ಇಲ್ಲ. ಪ್ರತಿ ತೆಗೆಸಿಡಿ ಎಂದು ಮ್ಯಾನೇಜರ್ ಸಾಹೇಬರಿಗೆ ಮೂರು ಸಲ ಹೇಳಿದ್ದೇನೆ. ಇದೇ 16ಕ್ಕೆ ಏಳು ಮಕ್ಕಳಿಗೆ ದೊಡ್ಡ ಪರೀಕ್ಷೆ. ಅವರು ಓದುವುದು ಕಿವಿಯಿಂದ.

ಕಳೆದ ವಾರ ಕರೆಂಟು ಏರುಪೇರಾಗಿ ಕಂಪ್ಯೂಟರಿನ ಯುಎಸ್‌ಬಿ ತೂತುಗಳೆಲ್ಲ ಕೆಟ್ಟವು. ಇದೇ 4ರಂದು ಬೆಳಿಗ್ಗೆ 10.20ಕ್ಕೆ ಮ್ಯಾನೇಜರ್ ಸಾಹೇಬರು ರಿಪೇರಿಯವರನ್ನು ಕರೆಸಿದರು. ಅವರು ಪೆಟ್ಟಿಗೆ ಬಿಚ್ಚಿ, ನಾಲ್ಕು ಹೊಸ ತೂತುಗಳಿರುವ ಒಂದು ಕಾರ್ಡನ್ನು ಒಳಗೆ ಕೂರಿಸಿ, ಮೌಸ್ ಓಡಿಸಿ ತೋರಿಸಿ, 10.45ಕ್ಕೆ ಹೋದರು. ಡಿಸ್ಕ್ ಹಾಕಿ ನೋಡಲಿಲ್ಲ. 11.05ಕ್ಕೆ ನಾನು ಹಾಕಿದೆ. ದೀಪ ಹೊತ್ತಿತು, ಟಿಕ್ ಟಿಕ್ ಎಂದಿತು, ಆರಿತು. ಹಾಗೆಯೇ ಐದು ಸಲ.

5ನೇ ತಾರೀಕು ನಾನು ಒಂದೊಂದನ್ನೇ ಬದಲಿಸಿ ನೋಡಿದೆ. ಬೇರೆ ವೈರು ಹಾಕಿದೆ, ಆಗಲಿಲ್ಲ. ನಾಲ್ಕೂ ತೂತುಗಳಲ್ಲಿ ಹಾಕಿದೆ, ಆಗಲಿಲ್ಲ. ಅದೇ ತೂತುಗಳಲ್ಲಿ ಟೀಚರಮ್ಮನವರ ಪೆನ್‌ಡ್ರೈವ್ ಹಾಕಿದೆ, ನಾಲ್ಕರಲ್ಲೂ ತೆರೆಯಿತು. ಡಿಸ್ಕಿನ ಮೇಲೆ ಅಂಗೈ ಇಟ್ಟೆ. ಒಳಗೆ ತಿರುಗಲು ಹೊರಟು ನಿಲ್ಲುತ್ತಿತ್ತು. ನಮ್ಮ ಯಜಮಾನರು ಗಿರಣಿ ನಡೆಸುತ್ತಾರೆ. ವೋಲ್ಟೇಜ್ ಇಳಿದಾಗ ಮೋಟಾರು ಗುಂಯ್ ಎಂದು ನಿಲ್ಲುವುದನ್ನು ಇಪ್ಪತ್ತೆಂಟು ವರ್ಷದಿಂದ ಕೇಳಿದ್ದೇನೆ. ಇದೂ ಅದೇ ಎಂದು ನನಗೆ ಅನಿಸಿತು.

6ರಂದು ಮಧ್ಯಾಹ್ನ 3ಕ್ಕೆ ರಿಪೇರಿಯವರು ಮತ್ತೆ ಬಂದರು. ಸಣ್ಣದು ಓಡುತ್ತದೆ, ದೊಡ್ಡದು ಓಡುವುದಿಲ್ಲ, ಕಾರ್ಡಿಗೆ ಕರೆಂಟು ಸಾಲುತ್ತಿಲ್ಲವೇನೋ ನೋಡಿ ಎಂದು ಕೇಳಿಕೊಂಡೆ. ಅದಕ್ಕೆ ಅವರು, “ಏನಮ್ಮಾ, ಇದೇನು ನಿಮ್ಮ ಗಿರಣಿ ಅಂದ್ಕೊಂಡ್ರಾ? ಡಿಸ್ಕ್ ಸತ್ತುಹೋಗಿದೆ. ಎಲ್ಲೋ ಬೀಳಿಸಿದ್ದೀರಿ” ಎಂದರು. ಬೀಳಿಸಿಲ್ಲ ಎಂದೆ. “ಕಾರ್ಡು ಹೊಸದು. ತಪ್ಪೇನಿದ್ರೂ ಹಳೇದರದ್ದೇ” ಎಂದು ಹೇಳಿ, ಡಿಸ್ಕನ್ನು ನೋಡದೆ ನನ್ನನ್ನು ನೋಡಿದರು. ಮ್ಯಾನೇಜರ್ ಸಾಹೇಬರು ನಕ್ಕರು. ನಾನು ದೇವರ ಮೇಲೆ ಆಣೆ ಇಡುವವಳಲ್ಲ. ಮಾಡಿಲ್ಲದ್ದನ್ನು ಮಾಡಿಲ್ಲ ಎಂದರೆ ಸಾಕು, ಅವನಿಗೆ ಗೊತ್ತಿರುತ್ತದೆ.

3.20ಕ್ಕೆ ಡಿಸ್ಕ್ ಒಂದು ಕ್ಷಣ ಹತ್ತಿ, ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂದು ಪರದೆಯ ಮೇಲೆ ಬಂತು. ಹಾಗೆಂದರೇನು ಎಂದು ಕೇಳಿದೆ. “ಒಳಗಿರೋದನ್ನೆಲ್ಲ ಒರೆಸಿಬಿಡೋದು. ಹೊಸದರ ಥರ ಆಗತ್ತೆ” ಎಂದು ರಿಪೇರಿಯವರು ಹೇಳಿದರು. ಮಕ್ಕಳ ಪಾಠ ಎಂದೆ. ಮ್ಯಾನೇಜರ್ ಸಾಹೇಬರು, “ಮತ್ತೆ ಓದಿದ್ರಾಯ್ತು ಬಿಡಿ, ನಿಮಗೇನು ಗಂಟಲಿಗೆ ಬರಗಾಲವೇ?” ಎಂದು ನನಗೂ, “ಒತ್ರೀ” ಎಂದು ರಿಪೇರಿಯವರಿಗೂ ಹೇಳಿದರು. ಹದಿನಾಲ್ಕು ತಿಂಗಳು ಓದಿದ್ದನ್ನು ಹತ್ತು ದಿನದಲ್ಲಿ ಓದಬೇಕಂತೆ. ರಿಪೇರಿಯವರ ಕೈ ಮೌಸಿನ ಮೇಲಿತ್ತು. ನಾನು ವೈರು ಕಿತ್ತು, ಡಿಸ್ಕನ್ನು ಚೀಲದಲ್ಲಿ ಹಾಕಿಕೊಂಡು ಹೊರಟೆ. ಆಗ ಸಮಯ 3.23.

ಓಡಿಹೋದರು ಎಂದು ದೂರಿನಲ್ಲಿದೆ. ಸುಳ್ಳು. ನನಗೆ ಎಡ ಮಂಡಿ ನೋವು. ನಡೆದೇ ಹೋದೆ. ಮೂಲೆಯ ಜೆರಾಕ್ಸ್ ಅಂಗಡಿಗೆ ಶಾಲೆಯ ಗೇಟಿನಿಂದ ಮುನ್ನೂರು ಹೆಜ್ಜೆ, ಒಂಬತ್ತು ನಿಮಿಷ ಹಿಡಿಯಿತು.

ಅಂಗಡಿ ನಡೆಸುವ ಹುಡುಗಿ, ನಾನು ತಂಗಿ ಎಂದು ಕರೆಯುವವಳು, ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಹಾಕಿದಳು. 3.34ಕ್ಕೆ ತೆರೆಯಿತು. 212 ಇದ್ದವು, ಒಂದೂ ಕಡಿಮೆಯಿಲ್ಲ. ಒಂದನ್ನು ಒತ್ತಿದಳು. ಹೃದಯಕ್ಕೆ ನಾಲ್ಕು ಕೋಣೆಗಳಿವೆ ಎಂದು ನನ್ನ ದನಿ ಬಂತು. ಅಲ್ಲಿದ್ದ ಇಬ್ಬರು ಗಿರಾಕಿಗಳು ನಿಂತು ಕೇಳಿದರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ತಂಗಿ ತನ್ನ ಪೆಟ್ಟಿಗೆಯ ಮುಚ್ಚಳ ತೆಗೆದು, “ನೋಡಕ್ಕಾ, ನನ್ನದೂ ಅಂಥದ್ದೇ ಕಾರ್ಡು. ಕರೆಂಟಿಗೆ ಅಂತ ಈ ವೈರು ಬೇರೆ ಸಿಕ್ಕಿಸ್ಬೇಕು. ಅವರು ಮರೆತಿರ್ತಾರೆ. ಇಲಿ ಓಡ್ಸೋಕೆ ಇದು ಬೇಡ, ಎತ್ತು ಎಳೆಯೋಕೆ ಬೇಕು” ಎಂದಳು. ಇಲಿ ಎಂದರೆ ಮೌಸ್, ಎತ್ತು ಎಂದರೆ ನನ್ನ ಡಿಸ್ಕ್. ಪ್ರತಿ ತೆಗೆಯಲು ತನ್ನದೊಂದು ಖಾಲಿ ಡಿಸ್ಕ್ ಹುಡುಕುತ್ತಿದ್ದಳು.

3.41ಕ್ಕೆ ಮ್ಯಾನೇಜರ್ ಸಾಹೇಬರು ಆ ಮುನ್ನೂರು ಹೆಜ್ಜೆಗೆ ಸ್ಕೂಟರಿನಲ್ಲಿ ಬಂದರು. ನನ್ನ ದನಿ ಇನ್ನೂ ಬರುತ್ತಿತ್ತು. ಅವರು ಅದನ್ನು ಕೇಳಿದರು. ಸತ್ತಿದೆ ಎಂದ ಡಿಸ್ಕ್ ಮಾತಾಡುತ್ತಿದೆಯಲ್ಲ ಸ್ವಾಮಿ ಎಂದೆ. “ಅದು ಬೇರೆ ವಿಷಯ. ಅಪ್ಪಣೆಯಿಲ್ಲದೆ ಆಚೆ ತಂದ್ರೆ ಅದಕ್ಕೆ ಕಳ್ಳತನ ಅಂತಾರೆ” ಎಂದರು. ಪ್ರತಿ ತೆಗೆದರೆ ದೂರಿನಲ್ಲಿ ನಿನ್ನ ಹೆಸರನ್ನೂ ಬರೆಸುತ್ತೇನೆ ಎಂದು ತಂಗಿಯನ್ನೂ ಹೆದರಿಸಿದರು. ಅವರ ಶಾಲೆಯ ಪಾಠ ಉಳಿದದ್ದಕ್ಕೆ ಒಂದು ಮಾತಿಲ್ಲ. ಒಳಗಿನ ವೈರು ನೋಡಿಸಿ ಎಂದರೆ, ಅದು ನಿಮ್ಮ ಕೆಲಸವಲ್ಲ ಎಂದರು. ಪ್ರತಿ ಆಗುವವರೆಗೆ ಡಿಸ್ಕ್ ಕೊಡುವುದಿಲ್ಲ ಎಂದು ಹೇಳಿ ನಾನು ಮನೆಗೆ ಬಂದೆ.

ಇಂದು ಬೆಳಿಗ್ಗೆ 11ಕ್ಕೆ ಡಿಸ್ಕಿನೊಂದಿಗೆ ಠಾಣೆಗೆ ಬಂದಿದ್ದೇನೆ. ಇದು ಕೇಸಿನ ವಸ್ತು, ಅರಗಿನ ಮುದ್ರೆ ಹಾಕಿ ಒಳಗಿಡುತ್ತೇವೆ, ಕೋರ್ಟು ಹೇಳಿದಾಗ ಸಿಗುತ್ತದೆ, ಮೂರು ತಿಂಗಳಾದರೂ ಆಗಬಹುದು ಎಂದು ಹೇಳಿಕೆ ಬರೆದುಕೊಳ್ಳುವ ಠಾಣೆಯ ಬರಹಗಾರರು ಹೇಳಿದರು. ಪರೀಕ್ಷೆಗೆ ಒಂಬತ್ತು ದಿನ ಇದೆ. ಅಪ್ಪಣೆ ಕೇಳದೆ ಒಯ್ದದ್ದು ನಿಜ. ಕಳವು ಎಂದು ಬೇಕಾದರೆ ಬರೆದುಕೊಳ್ಳಿ, ಶಿಕ್ಷೆ ನನಗಿರಲಿ. ಮಕ್ಕಳ ಪಾಠಕ್ಕೆ ಯಾವ ಶಿಕ್ಷೆಯೂ ಬೇಡ. ಪ್ರತಿ ಆಗದೆ ನಾನು ಸಹಿ ಹಾಕುವುದಿಲ್ಲ ಎಂದು ಹೇಳಿ ಬೆಂಚಿನ ಮೇಲೆ ಕುಳಿತೆ.

ಇದಿಷ್ಟನ್ನೂ ಬರೆದುಕೊಂಡ ಬರಹಗಾರರು ಒಳಗೆ ಹೋಗಿ ಇನ್ಸ್‌ಪೆಕ್ಟರ್ ಸಾಹೇಬರನ್ನು ಕೇಳಿಬಂದರು. ಅವರು ಒಪ್ಪಿದರೆಂದು ಹೇಳಿಕಳಿಸಿದ ಮೇಲೆ, 12.15ಕ್ಕೆ ಜೆರಾಕ್ಸ್ ತಂಗಿ ಖಾಲಿ ಡಿಸ್ಕ್ ತಂದಳು, ಜೊತೆಗೆ ಶಾಲೆಯ ಟೀಚರಮ್ಮನವರೂ ಬಂದರು. ಠಾಣೆಯ ಕಂಪ್ಯೂಟರಿನಲ್ಲಿ, ಎಲ್ಲರ ಎದುರು ಪ್ರತಿ ಆಯಿತು. 1.40ಕ್ಕೆ ಎರಡರಲ್ಲೂ ಎಣಿಸಿದೆವು, 212 ಮತ್ತು 212. ಪ್ರತಿಯನ್ನು ಇನ್ಸ್‌ಪೆಕ್ಟರ್ ಸಾಹೇಬರ ಒಪ್ಪಿಗೆಯಿಂದ ಟೀಚರಮ್ಮನವರ ಕೈಗೆ ಇಲ್ಲಿಯೇ ಕೊಟ್ಟೆ. ಮೂಲ ಡಿಸ್ಕನ್ನು ಮೇಜಿನ ಮೇಲಿಟ್ಟಿದ್ದೇನೆ. ಇನ್ನು ಮುದ್ರೆ ಹಾಕಬಹುದು.

ಹೇಳಿಕೆಯನ್ನು ಓದಿ ಹೇಳುತ್ತೇನೆ ಎಂದು ಬರಹಗಾರರು ಕಾಗದ ಎತ್ತಿಕೊಂಡರು. ನಾನೇ ತೆಗೆದುಕೊಂಡು, ಮೊದಲಿಂದ ಕೊನೆಯವರೆಗೆ, ಒಳಗಿನ ಕೋಣೆಗೂ ಕೇಳುವಂತೆ ಓದಿದೆ. ನಾನು ಹೇಳಿದ ಹಾಗೆಯೇ ಇದೆ. ಸುಳ್ಳಿಲ್ಲ.

ಸ್ಥಳ: ಠಾಣೆ, ಬರಹಗಾರರ ಮೇಜು
ದಿನಾಂಕ: 7, ಮಧ್ಯಾಹ್ನ 2.05
ಸಹಿ: ಪಾಠದಮ್ಮ